ಸಾವ್ಕಾಳಿಗೆ ಕೊನೆಗೆ ಬಿದ್ದ ವೋಟು

ಪಿರೋತ್ ಪೇಟೆಯಲ್ಲಿ ಜಮಖಾನದ ಮಗ್ಗ ನೆಟ್ಟಗೆ ನಿಂತಿರುತ್ತದೆ. ಅದರ ಮುಂದಿನ ಹಲಗೆಯ ಮೇಲೆ ಇಬ್ಬರು ಹೆಂಗಸರು ಭುಜಕ್ಕೆ ಭುಜ ತಾಗುವಂತೆ ಕೂತು ಒಂದೇ ಜಮಖಾನದ ಒಂದೊಂದು ಪಾಲನ್ನು ನೇಯುತ್ತಾರೆ. ಒಬ್ಬಳು ಎಳೆ ಕೂರಿಸುವ ಹಣಿಗೆಯನ್ನು ಜೋರಾಗಿ ಬಡಿದು ಇನ್ನೊಬ್ಬಳು ಮೆಲ್ಲಗೆ ಬಡಿದರೆ ಜಮಖಾನ ಸೊಟ್ಟಗಾಗುತ್ತದೆ. ಪಕ್ಕದವಳ ಕೈಯ ಮೇಲೆ ನಂಬಿಕೆ ಇಲ್ಲದವಳು ಆ ಹಲಗೆಯ ಮೇಲೆ ಕೂರಲಾರಳು. ಸಾವ್ಕಾಳ ಪಕ್ಕದಲ್ಲಿ ಮೂವತ್ತು ವರ್ಷದಿಂದ ಕೂತವಳು ತೊದೋರಾ. ಆ ತೊದೋರಾ ತನಗೆ ಮೋಸ ಮಾಡುತ್ತಿದ್ದಾಳೆ ಎಂಬ ಅನುಮಾನ ಸಾವ್ಕಾಳ ಮನಸ್ಸಿಗೆ ಹೊಕ್ಕದ್ದು ಒಂದು ಅಕ್ಟೋಬರಿನ ಸಂಜೆ, ಫೋನಿನ ಪರದೆಯ ಮೇಲಿದ್ದ ಒಂದು ಪುಟ್ಟ ಅಂಕಿಯಿಂದ.

ತೊದೋರಾ ಬರೀ ಗೆಳತಿಯಾಗಿದ್ದರೆ ಮಾತು ಬೇರೆ. ಅವಳು ಸಾವ್ಕಾಳ ಕುಮಾ, ಇಬ್ಬರೂ ಒಬ್ಬರನ್ನೊಬ್ಬರು ಕರೆಯುವುದೂ ಹಾಗೇ. ಸಾವ್ಕಾಳ ಮದುವೆಗೆ ಸಾಕ್ಷಿ ನಿಂತವಳು, ಅವಳ ಮಗನಿಗೆ ಹೆಸರಿಟ್ಟು ದೀಕ್ಷಾಸ್ನಾನದ ನೀರಿನಿಂದ ಎತ್ತಿಕೊಂಡವಳು. ಒಡಹುಟ್ಟಿದವರ ಜೊತೆ ಮಾತು ಬಿಟ್ಟವರು ಆ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಕುಮಾ ಜೊತೆ ಮಾತು ಬಿಟ್ಟವರನ್ನು ಮಾತ್ರ ಜನ ಬೆರಳು ತೋರಿಸಿ ಹೇಳುತ್ತಾರೆ.

ಸಾವ್ಕಾ ಹುಟ್ಟಿದ್ದು ಸ್ತಾರಾ ಪ್ಲಾನಿನಾ ಬೆಟ್ಟದ ಮೇಲೆ, ಮನುಷ್ಯರಿಗಿಂತ ಕುರಿಗಳೇ ಹೆಚ್ಚಿದ್ದ ಹಳ್ಳಿಯಲ್ಲಿ. ಕೆಳಗೆ ಪೇಟೆಗೆ ಬಂದು ನೇಕಾರರ ಸಹಕಾರ ಸಂಘಕ್ಕೆ ಸೇರಿದಳು. ಸಂಘದ ಮಗ್ಗಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಮಂತ್ರಿ ಇರಲಿಲ್ಲ. ಒಂದು ದಿನ ಸಂಘದ ಬಾಗಿಲಿಗೆ ಬೀಗ ಬಿತ್ತು. ಫೋಟೋ ತೆಗೆಸಿಕೊಂಡವರಲ್ಲಿ ಒಬ್ಬನೂ ಆ ಕಡೆ ತಲೆ ಹಾಕಲಿಲ್ಲ. ಸಾವ್ಕಾ ಮತ್ತು ತೊದೋರಾ ಹಳೆಯ ಮಗ್ಗವೊಂದನ್ನು ಗಾಡಿಯ ಮೇಲೆ ಹೇರಿಸಿ ಸಾವ್ಕಾಳ ಮನೆಯ ಹಿಂದಿನ ಕೋಣೆಯಲ್ಲಿ ನಿಲ್ಲಿಸಿದರು. ಯಾರಾದರೂ ಬೇಕೆಂದು ಹೇಳಿದರೆ ನೇಯುವುದು, ಇಲ್ಲದಿದ್ದರೆ ಕಾಯುವುದು.

ಹಾಗೆ ಕಾಯುತ್ತಿದ್ದ ದಿನಗಳಲ್ಲಿ ಮಿಲೂತಿನ್ ಒಂದು ಹೊಸ ಸುದ್ದಿ ತಂದ. ಮಿಲೂತಿನ್ ಪ್ರವಾಸಿ ಕಚೇರಿಯ ಡೈರೆಕ್ಟರ್ ಆಗಿದ್ದವನು. ಕೆಲಸ ಹೋಗಿ ವರ್ಷಗಳಾಗಿದ್ದರೂ ಊರು ಅವನನ್ನು ಡೈರೆಕ್ಟ್ರೇ ಎಂದೇ ಕರೆಯುತ್ತದೆ, ಅವನೂ ಹಾಗೆ ಕರೆದರೆ ಮಾತ್ರ ತಿರುಗಿ ನೋಡುತ್ತಾನೆ. ಇಂಟರ್ನೆಟ್ಟಿನಲ್ಲಿ ಒಂದು ತಾಣ ಇದೆಯಂತೆ. ಅಲ್ಲಿ ಬರೆದು ಫೋಟೋ ಹಾಕಿದರೆ ಓದಿದವರು ವೋಟು ಹಾಕುತ್ತಾರೆ, ವೋಟಿಗೆ ತಕ್ಕಂತೆ ಆ ತಾಣದ್ದೇ ನಾಣ್ಯ ಬರುತ್ತದೆ, ನಾಣ್ಯ ಮಾರಿದರೆ ದಿನಾರ್ ಸಿಗುತ್ತದೆ. ಮಾರದೆ ಅಲ್ಲೇ ಕೂಡಿಟ್ಟವರ ವೋಟಿಗೆ ತೂಕ ಹೆಚ್ಚು.

"ಇಲ್ಲಿ ಯಜಮಾನ ಅನ್ನೋನೇ ಇಲ್ಲ," ಎಂದ ಡೈರೆಕ್ಟರ್, ಪುರಸಭೆಯ ಸಭಾಂಗಣದಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿಸಿ. "ನೀವೇ ಬರೆಯೋದು, ನೀವೇ ಕೊಡೋದು, ನೀವೇ ತಗೊಳ್ಳೋದು."

ಯಜಮಾನನೇ ಇಲ್ಲ ಎಂದು ಯಾರಾದರೂ ವೇದಿಕೆ ಹತ್ತಿ ಹೇಳಿದರೆ, ಮೊದಲು ನೋಡಬೇಕಾದದ್ದು ಆ ವೇದಿಕೆಯ ಮೇಲಿರುವವನನ್ನು. ಅಂದು ಯಾರೂ ನೋಡಲಿಲ್ಲ.

ಡೈರೆಕ್ಟರ್ ಊರಿನವರದ್ದೇ ಒಂದು ಬಳಗ ಕಟ್ಟಿದ. ಬಳಗದ ನಿಯಮ ಒಂದೇ. ಎಲ್ಲರೂ ಎಲ್ಲರಿಗೂ, ದಿನವೂ, ಪೂರ್ತಿ ವೋಟು ಹಾಕಬೇಕು. ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಟ್ಟದ ಕಡೆಯವರಿಗೆ ಮುಯ್ಯಾಳು ಗೊತ್ತು. ಇವತ್ತು ನಿನ್ನ ಹುಲ್ಲು ಕೊಯ್ಯಲು ಎಲ್ಲರೂ, ನಾಳೆ ನನ್ನ ಹುಲ್ಲಿಗೆ ಎಲ್ಲರೂ. ಬಂದ ಕೈಗಳು ಹೆಚ್ಚಾದಷ್ಟೂ ಕೆಲಸ ಹಗುರ. ಮುಯ್ಯಿಗೆ ತಪ್ಪಿಸಿಕೊಂಡವನ ಮುಖ ಯಾರೂ ನೋಡುವುದಿಲ್ಲ. ವೋಟೂ ಹಾಗೇ ಎಂದುಕೊಂಡರು. ಮೊದಲು ಹತ್ತು ಜನರಿದ್ದ ಬಳಗಕ್ಕೆ ನಾದಿನಿಯರು, ಪಾದ್ರಿಯ ಹೆಂಡತಿ, ಬೇಕರಿಯವನು, ಬೇಕರಿಯವನ ಅಣ್ಣ ಎಲ್ಲರೂ ಸೇರಿ ನಲವತ್ತಾಯಿತು. ಬೇಡ ಎನ್ನುವುದು ಹೇಗೆ? ಪ್ರತಿ ಭಾನುವಾರ ಡೈರೆಕ್ಟರ್ ವೈಬರ್ ಗುಂಪಿನಲ್ಲಿ ವೋಟು ತಪ್ಪಿಸಿದವರ ಹೆಸರು ಬರೆಯುತ್ತಿದ್ದ. ತಪ್ಪಿದವರ ಹೆಸರು ಬರೆಯುವವನು ತಾನೇ ತಪ್ಪಿದರೆ ಅವನ ಹೆಸರನ್ನು ಬರೆಯುವವರು ಯಾರು ಎಂದು ಒಬ್ಬರೂ ಕೇಳಲಿಲ್ಲ.

ಸಾವ್ಕಾ ಜಮಖಾನದ ಗುರುತುಗಳ ಬಗ್ಗೆ ಬರೆಯುತ್ತಿದ್ದಳು. ಆಮೆ ಯಾಕೆ ಹಾಕುತ್ತಾರೆ, ಅಂಚಿಗೆ ಯಾವ ಗೆರೆ, ತನ್ನ ಅಜ್ಜಿ ಯಾವ ಗುರುತನ್ನು ಎಂದೂ ಮುಗಿಸದೆ ಒಂದು ಎಳೆ ಬಿಡುತ್ತಿದ್ದಳು, ಹೀಗೆ. ಹಗಲೆಲ್ಲ ಮಗ್ಗದ ಮುಂದೆ ಇರುತ್ತಿದ್ದುದರಿಂದ ಬರಹ ಹಾಕುವುದು ಸಂಜೆಯೇ. ಮೊದಮೊದಲು ಬಂದ ದುಡ್ಡಲ್ಲಿ ಚಳಿಗಾಲದ ಸೌದೆ ಕೊಂಡಳು, ಆ ಮಾತನ್ನು ಹಾಲಿನವಳಿಗೂ ಹೇಳಿದಳು. ತೊದೋರಾ ಮಾತ್ರ ಒಂದು ನಾಣ್ಯವನ್ನೂ ಮಾರಲಿಲ್ಲ. ಹಾಗಾಗಿ ಅವಳ ವೋಟಿನ ತೂಕ ಬೆಳೆಯುತ್ತ ಹೋಯಿತು. ಸಾವ್ಕಾಳಿಗೆ ಬರುತ್ತಿದ್ದುದರಲ್ಲಿ ದೊಡ್ಡ ಪಾಲು ಕುಮಾಳ ಆ ಒಂದು ವೋಟಿನದೇ.

ಬೇಸಿಗೆ ಕಳೆಯುತ್ತಿದ್ದಂತೆ ಅದು ಇಳಿಯತೊಡಗಿತು. ಬರಹದ ಕೆಳಗೆ ಬೆರಳಿಟ್ಟರೆ ವೋಟು ಹಾಕಿದವರ ಹೆಸರು, ಹೆಸರಿನ ಪಕ್ಕ ಆ ವೋಟು ತಂದದ್ದೆಷ್ಟು ಎಂಬ ಅಂಕಿ ಕಾಣುತ್ತದೆ. ಆ ಅಕ್ಟೋಬರಿನ ಸಂಜೆ ತೊದೋರಾಳ ಹೆಸರಿನ ಪಕ್ಕದ ಅಂಕಿ ಜೂನಿನಲ್ಲಿದ್ದುದರ ಅರ್ಧವೂ ಇರಲಿಲ್ಲ. ಅದೇ ದಿನ ಬೆಳಿಗ್ಗೆ ಡೈರೆಕ್ಟರನ ಬರಹಕ್ಕೆ ತೊದೋರಾ ಹಾಕಿದ ವೋಟನ್ನೂ ಸಾವ್ಕಾ ಹುಡುಕಿ ನೋಡಿದಳು. ಅದು ಇದರ ಎರಡು ಪಟ್ಟು.

ವೋಟು ಒತ್ತಿದಾಗ ಪರದೆಯ ಮೇಲೆ ಒಂದು ಗೆರೆ ಬರುತ್ತದೆ. ಬೆರಳಿನಿಂದ ಅದನ್ನು ಪೂರ್ತಿ ಎಳೆದರೆ ಪೂರ್ತಿ ವೋಟು, ಅರ್ಧಕ್ಕೆ ನಿಲ್ಲಿಸಿದರೆ ಅರ್ಧ. ಸಾವ್ಕಾಳ ಸರದಿ ಬಂದಾಗ ಕುಮಾ ಬೆರಳನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದಾಳೆ. ಸಾವ್ಕಾಳಿಗೆ ಬೇರೆ ಯಾವ ಅರ್ಥವೂ ಹೊಳೆಯಲಿಲ್ಲ.

ಗಂಡ ಗ್ರಾದಿಮಿರ್ ಟಯರ್ ಕಾರ್ಖಾನೆಯಿಂದ ನಿವೃತ್ತನಾಗಿ ಒಲೆಯ ಪಕ್ಕ ಕೂತು ಊರಿನ ತಪ್ಪುಗಳನ್ನು ಎಣಿಸುವವನು. ಫೋನನ್ನು ದೂರ ಹಿಡಿದು ನೋಡಿದ.

"ನಿನ್ ಕುಮಾ ಅಳೆದು ಕೊಡ್ತಾಳೆ ನೋಡು. ಪಿರೋತ್‌ನೋರ್ ಜಿಪುಣತನ ಅಂದ್ರೆ ಸುಮ್ನೇನಾ."

"ನೀನೂ ಪಿರೋತ್‌ನವನೇ."

"ಅದಕ್ಕೇ ನೋಡಿದ್ ತಕ್ಷಣ ಗೊತ್ತಾಗಿದ್ದು."

ಮಾರನೆಯ ದಿನ ಮಗ್ಗದ ಮುಂದೆ ಸಾವ್ಕಾ ನೇರವಾಗಿ ಕೇಳಲಿಲ್ಲ. ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅನುಮಾನ ಇರುವವರು ಕೇಳುವುದಿಲ್ಲ, ಕೆದಕುತ್ತಾರೆ.

"ನಿನ್ನೆ ನಾನ್ ಹಾಕಿದ್ದು ಓದ್ದ್ಯಾ?"

"ಓದ್ದೆ ಕಣೇ. ಆ ಆಮೆ ಫೋಟೋ ಎಷ್ಟ್ ಚೆನ್ನಾಗ್ ಬಂದಿದೆ."

"ವೋಟು?"

"ಹಾಕ್ದೆ. ನಿಂಗ್ ಹಾಕ್ದೆ ಇನ್ಯಾರಿಗ್ ಹಾಕ್ಲಿ?" ತೊದೋರಾ ನಕ್ಕಳು.

ಆ ನಗುವನ್ನು ಸಾವ್ಕಾ ದಿನವಿಡೀ ತಿರುಗಿಸಿ ತಿರುಗಿಸಿ ನೋಡಿದಳು. ಇನ್ಯಾರಿಗೆ ಎಂದಳಲ್ಲ, ಡೈರೆಕ್ಟರನಿಗೆ ಎರಡು ಪಟ್ಟು ಹಾಕುವವಳು? ಅವನ ಜೊತೆ ಇವಳಿಗೇನು ಒಪ್ಪಂದ? ಮೊನ್ನೆ ಬೇಕರಿಯ ಮುಂದೆ ಇಬ್ಬರೂ ನಿಂತು ಮಾತಾಡುತ್ತಿದ್ದರು, ತಾನು ಹತ್ತಿರ ಬಂದಾಗ ಮಾತು ನಿಂತಿತು. ನಿಂತಿತೋ, ಮುಗಿದಿತ್ತೋ? ಕೂಡಿಟ್ಟ ನಾಣ್ಯ ಅವಳ ತಲೆ ತಿರುಗಿಸಿರಬೇಕು. ಕೊಡುವ ಕೈಗೆ ತೂಕ ಬಂದರೆ ಎಂಥವರೂ ಬದಲಾಗುತ್ತಾರೆ.

ಹೀಗೆ ಯೋಚಿಸುತ್ತ ಹಣಿಗೆಯನ್ನು ಎಷ್ಟು ಜೋರಾಗಿ ಬಡಿದಳೆಂದರೆ, ಬೆಲ್‌ಗ್ರೇಡಿನ ವಕೀಲರೊಬ್ಬರಿಗೆಂದು ನೇಯುತ್ತಿದ್ದ ಆ ಜಮಖಾನದಲ್ಲಿ ಅವಳ ಪಾಲು ಕೆಳಗಿಳಿಯಿತು.

"ಏನೇ ಕುಮಾ, ಯಾರ್ ಮೇಲಿನ್ ಸಿಟ್ಟು?" ಎಂದಳು ತೊದೋರಾ.

"ಯಾರ್ ಮೇಲೂ ಇಲ್ಲ."

"ಹಾಗಾದ್ರೆ ಮೆಲ್ಲಗ್ ಬಡಿ. ಜಮಖಾನ ನಿಂಗೇನ್ ಮಾಡಿದೆ?"

ನವೆಂಬರಿನಲ್ಲಿ ಸಂತ ಜಾರ್ಜನ ದಿನ ಗ್ರಾದಿಮಿರನ ಮನೆತನದ ಸ್ಲಾವಾ, ಮನೆ ಕಾಯುವ ಸಂತನ ಹಬ್ಬ. ಸ್ಲಾವಾಕ್ಕೆ ಯಾರನ್ನೂ ಕರೆಯುವುದಿಲ್ಲ, ಬರಬೇಕಾದವರು ಬರುತ್ತಾರೆ. ಆ ಮನೆಯಲ್ಲಿ ಮೇಜಿನ ತಲೆಯ ಕುರ್ಚಿ ಕುಮಾಳದು. ಸಾವ್ಕಾ ಸೊಸೆಯಾಗಿ ಬಂದ ವರ್ಷದಿಂದ ಅಲ್ಲಿ ಬೇರೆಯವರು ಕೂತದ್ದಿಲ್ಲ. ಆ ವರ್ಷ ತೊದೋರಾ ವೈನಿನ ಬಾಟಲಿ ಹಿಡಿದು ಒಳಗೆ ಬಂದಾಗ ಆ ಕುರ್ಚಿಯಲ್ಲಿ ಡೈರೆಕ್ಟರ್ ಮಿಲೂತಿನ್ ಕೂತಿದ್ದ. ಕೂರಿಸಿದವಳು ಸಾವ್ಕಾ.

"ಅಯ್ಯೋ, ಇದು ಕುಮಾ ಅವ್ರ ಜಾಗ ಅಲ್ವಾ?" ಎಂದ ಅವನು. ಎಂದನೇ ಹೊರತು ಏಳಲಿಲ್ಲ.

ತೊದೋರಾ ಸಾವ್ಕಾಳ ಕಡೆ ನೋಡಿದಳು. "ನಾನೆಲ್ ಕೂರ್ಲಿ?"

"ಎಲ್ಲಾದ್ರೂ ಕೂರು. ಜಾಗಕ್ಕೇನ್ ಕಮ್ಮಿ?"

ತೊದೋರಾ ನಿಂತುಕೊಂಡೇ ಶಿಲುಬೆಯ ಗುರುತು ಮಾಡಿ, ಹಬ್ಬದ ಪ್ರಸಾದವಾದ ಬೇಯಿಸಿದ ಗೋಧಿ ಒಂದು ಚಮಚ ಬಾಯಿಗೆ ಹಾಕಿ, ಒಂದು ಗುಟುಕು ವೈನ್ ಕುಡಿದಳು. "ಸ್ಲಾವಾ ಚೆನ್ನಾಗ್ ಆಗ್ಲಿ ಗ್ರಾದಿಮಿರಣ್ಣ. ಒಲೆ ಮೇಲೆ ಪಾತ್ರೆ ಇಟ್ಟು ಬಂದಿದೀನಿ," ಎಂದು ಹೊರಟಳು. ಒಲೆ ಮೇಲೆ ಪಾತ್ರೆ ಇಟ್ಟು ಯಾರೂ ಸ್ಲಾವಾಕ್ಕೆ ಬರುವುದಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಸಾರು ಬಂತು, ಬೇರೆ ಮಾತು ಶುರುವಾಯಿತು. ಕೋಪ ತೀರಿಸಿಕೊಂಡವಳಿಗೆ ಹಗುರಾಗಬೇಕಿತ್ತು. ಸಾವ್ಕಾ ತನ್ನ ಸಾರನ್ನು ಮುಟ್ಟದೆ ತಿರುಗಿ ಪಾತ್ರೆಗೆ ಸುರಿದಳು.

ಮಗ್ಗದ ಕೋಣೆಗೆ ತೊದೋರಾ ಬರಲಿಲ್ಲ. ಹಬ್ಬ, ನೆಂಟರು, ಅವರು ಹೋದ ಮೇಲಿನ ಪಾತ್ರೆ ಪಡಗ ಎಂದು ಒಂದು ವಾರ ಸಾವ್ಕಾ ಫೋನು ಮುಟ್ಟಲಿಲ್ಲ. ಭಾನುವಾರ ವೈಬರಿನಲ್ಲಿ ತಪ್ಪಿದವರ ಹೆಸರು ಬಂತು, ಎರಡೇ ಹೆಸರು. ಸಾವ್ಕಾ, ತೊದೋರಾ.

ವಾರ ಕಳೆದ ಮೇಲೆ ಸಾವ್ಕಾ ಸ್ಲಾವಾದ ರೊಟ್ಟಿಯ ಬಗ್ಗೆ ನಾಲ್ಕು ಸಾಲು ಬರೆದು ಹಾಕಿದಳು. ಮೊದಲು ಬಿದ್ದದ್ದು ತೊದೋರಾಳ ವೋಟು. ಹೆಸರಿನ ಪಕ್ಕದ ಅಂಕಿ ಹಿಂದೆಂದೂ ಇರದಷ್ಟು ದೊಡ್ಡದು.

"ನೋಡು," ಎಂದಳು ಗಂಡನಿಗೆ. "ಈಗ ಗೆರೆ ಪೂರ್ತಿ ಎಳ್ದಿದಾಳೆ. ಇಷ್ಟ್ ದಿನ ಎಷ್ಟ್ ಹಿಡ್ಕೊಂಡಿದ್ದೆ ಅಂತ ತೋರಿಸ್ತಿದಾಳೆ."

"ಅಥವಾ ಹೆದರಿದಾಳೆ," ಎಂದ ಗ್ರಾದಿಮಿರ್. ಒಳ್ಳೆಯದು ಕಂಡರೂ ಅದರ ಅಡಿಯಲ್ಲಿ ಹುಳ ಹುಡುಕುವುದರಲ್ಲಿ ಗಂಡ ಹೆಂಡತಿ ಆ ವೇಳೆಗೆ ಪಳಗಿಬಿಟ್ಟಿದ್ದರು.

ಮುಯ್ಯಿ ತಪ್ಪಿಸಬಾರದು ಎಂದು ಸಾವ್ಕಾ ಬಳಗದವರ ಬರಹಗಳಿಗೆ ವೋಟು ಹಾಕಲು ಕೂತಳು. ಮೊದಲು ಡೈರೆಕ್ಟರನದು. ಒತ್ತಿ, ಗೆರೆ ಎಳೆದು, ತನ್ನ ಹೆಸರಿನ ಪಕ್ಕ ನೋಡಿದರೆ ಅವಳದೇ ಬಡಕಲು ವೋಟು ಹಿಂದಿನದರ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಫೋನು ಕೆಟ್ಟಿದೆ ಎಂದುಕೊಂಡಳು. ಎರಡನೆಯವರಿಗೆ ಒತ್ತಿದಳು, ಅಂಕಿ ಒಂದು ಕೂದಲಿನಷ್ಟು ಕಡಿಮೆ. ಮುಂದಿನವರಿಗೆ ಇನ್ನಷ್ಟು ಕಡಿಮೆ. ಪಾದ್ರಿಯ ಹೆಂಡತಿ, ಬೇಕರಿಯವನು, ಬೇಕರಿಯವನ ಅಣ್ಣ ಎಂದು ಕೊನೆಯವರೆಗೆ ಬರುವಷ್ಟರಲ್ಲಿ ಅರ್ಧವೂ ಉಳಿದಿರಲಿಲ್ಲ. ಪ್ರತಿ ಸಲವೂ ಅವಳು ಗೆರೆಯನ್ನು ಪೂರ್ತಿಯೇ ಎಳೆದಿದ್ದಳು.

ಬಣ್ಣದ ಹಂಡೆಯಲ್ಲಿ ಮೊದಲು ಅದ್ದಿದ ಲಡಿ ಕಡುಗೆಂಪಾಗುತ್ತದೆ, ಕೊನೆಯ ಲಡಿ ಮಾಸಲು ಗುಲಾಬಿ. ಅದ್ದುವ ಕೈ ಅದೇ, ಹಂಡೆ ಅದೇ. ಊರಿನ ಯಾವ ನೇಕಾರಳೂ ಕೊನೆಯ ಲಡಿಯನ್ನು ನೋಡಿ ಅದ್ದಿದವಳನ್ನು ಕಳ್ಳಿ ಎನ್ನುವುದಿಲ್ಲ. ಸಾವ್ಕಾ ಅಂದಿದ್ದಳು, ಬಾಯಲ್ಲಿ ಅಲ್ಲ, ಕುರ್ಚಿಯಲ್ಲಿ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಡೈರೆಕ್ಟರನನ್ನು ಹುಡುಕಿಕೊಂಡು ಹೊರಟಳು.

ಡೈರೆಕ್ಟರ್ ಮಧ್ಯಾಹ್ನ ನಿಷಾವಾ ನದಿಯ ದಂಡೆಯ ಕಫಾನಾ ಹೋಟೆಲಿನಲ್ಲಿ ಹುರುಳಿಕಾಯಿ ಸಾರಿಗೆ ರೊಟ್ಟಿ ಅದ್ದುತ್ತಿದ್ದ. ಸಾವ್ಕಾ ಎದುರು ನಿಂತಳು.

"ಡೈರೆಕ್ಟ್ರೇ, ವೋಟ್ ಹಾಕ್ದಷ್ಟೂ ವೋಟಿನ್ ಬಲ ಇಳಿಯುತ್ತಾ?"

"ಇಳಿಯುತ್ತೆ. ಕೂತ್ಕೊಳಮ್ಮ."

"ಎಷ್ಟು?"

"ಒಂದೊಂದಕ್ಕೂ ಐವತ್ತರಲ್ಲಿ ಒಂದ್ ಪಾಲು. ದಿನ ಕಳೆದ್ರೆ ಐದರಲ್ಲಿ ಒಂದ್ ಪಾಲು ತುಂಬ್ಕೊಳುತ್ತೆ. ಹತ್ತು ಹಾಕಿದ್ರೆ ಸರಿಹೋಗುತ್ತೆ."

"ನಾವು ನಲವತ್ತು ಹಾಕ್ತಿದೀವಿ."

"ಹಾಕ್ತಿದೀರಿ."

"ನಿಮ್ಗ್ ಗೊತ್ತಿತ್ತು."

"ತಾಣದಲ್ಲೇ ಬರ್ದಿದೆಯಲ್ಲಮ್ಮ. ಯಾರ್ ಕೇಳಿದ್ರು ನನ್ನ?"

"ನೀವು ಬೆಳಗಾಗೋಕ್ ಮುಂಚೆ ಬರಹ ಹಾಕ್ತೀರಿ. ಎಲ್ರೂ ಎದ್ದು ಮೊದ್ಲು ನಿಮ್ಗೇ ಒತ್ತೋದು."

"ಬೇಗ ಏಳೋದ್ ತಪ್ಪಾ?" ರೊಟ್ಟಿಯ ಇನ್ನೊಂದು ತುಂಡು ಮುರಿದ. "ಸರಿ, ಬಳಗವನ್ನ ಹತ್ತಕ್ಕೇ ನಿಲ್ಸೋಣ. ಯಾರನ್ನ್ ತೆಗೀಲಿ ಹೇಳು. ನಿನ್ ನಾದಿನೀನಾ? ಪಾದ್ರಿ ಹೆಂಡ್ತೀನಾ? ಹೆಸರು ಹೇಳು, ನೀನೇ ಹೇಳಿದ್ದು ಅಂತ ಗುಂಪಲ್ಲಿ ಬರೀತೀನಿ."

ಅಂಥ ಹೆಸರನ್ನು ಊರಲ್ಲಿ ಯಾರೂ ಹೇಳಲಾರರು. ಅವನಿಗೆ ಅದೂ ಗೊತ್ತಿತ್ತು. ಊರಿನ ಮರ್ಯಾದೆಯನ್ನೇ ಬೇಲಿ ಮಾಡಿ, ಒಳಗಿನ ಮೇವನ್ನು ತಾನು ಮೊದಲು ತಿನ್ನುವವನು ಅವನು. ಇಂಥವನನ್ನು ಯಾವ ಪೊಲೀಸೂ ಹಿಡಿಯಲಾರ. ಅವನು ಒಂದು ನಿಯಮವನ್ನೂ ಮುರಿದಿಲ್ಲ, ಯಾರ ಜೇಬಿಗೂ ಕೈ ಹಾಕಿಲ್ಲ. ತಿಳಿದದ್ದನ್ನು ಹೇಳದೆ ಉಳಿಸಿಕೊಂಡ, ಅಷ್ಟೇ. ನಲವತ್ತು ಮನೆಗಳಲ್ಲಿ ಜನ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡತೊಡಗಿದಾಗಲೂ ಹೇಳಲಿಲ್ಲ.

ಅಲ್ಲಿಂದ ಅವಳು ನೇರ ತೊದೋರಾಳ ಮನೆಗೆ ಹೋದಳು. ತೊದೋರಾ ಅಡುಗೆಮನೆಯ ಮೇಜಿನ ಮೇಲೆ ಒಣಗಲು ಹಾಕಿದ್ದ ಆಡಿನ ಮಾಂಸದ ಸಾಸೇಜುಗಳನ್ನು ಖಾಲಿ ಬಾಟಲಿಯಿಂದ ಚಪ್ಪಟೆ ಮಾಡುತ್ತಿದ್ದಳು. ಚಳಿಗಾಲಕ್ಕೆ ಮುಂಚೆ ಎರಡು ದಿನಕ್ಕೊಮ್ಮೆ ಹೀಗೆ ಒತ್ತದಿದ್ದರೆ ಅವು ಕೆಡುತ್ತವೆ.

"ಬಾ," ಎಂದಳು ತಲೆ ಎತ್ತದೆ. "ಕಾಫಿ ಒಲೆ ಮೇಲಿದೆ. ಬೇಕಿದ್ರೆ ಬಗ್ಗಿಸ್ಕೋ."

ಆ ಮನೆಯಲ್ಲಿ ಸಾವ್ಕಾ ಎಂದೂ ತಾನೇ ಕಾಫಿ ಬಗ್ಗಿಸಿಕೊಂಡಿರಲಿಲ್ಲ. ಆಗಲೂ ಬಗ್ಗಿಸಿಕೊಳ್ಳಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು, ಅಂಕಿ, ಗೆರೆ, ಬಲ ಇಳಿಯುವುದು, ಡೈರೆಕ್ಟರ್ ಅಂದದ್ದು. ತೊದೋರಾ ಬಾಟಲಿ ಉರುಳಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಅಂದ್ರೆ ನಾನ್ ನಿಂಗೆ ಅರ್ಧ ವೋಟ್ ಹಾಕ್ತಿದೀನಿ ಅಂತ ನೀನ್ ಅಂದ್ಕೊಂಡಿದ್ದೆ."

"ಹೂಂ."

"ಯಾವಾಗಿಂದ?"

"ಅಕ್ಟೋಬರಿಂದ."

"ಪಕ್ಕದಲ್ಲೇ ಕೂತಿದ್ನಲ್ಲೇ ನಾನು. ನಿನ್ ಮೊಣಕೈ ನಂಗ್ ತಗಲ್ತಿತ್ತು." ಸಾಸೇಜನ್ನು ತಿರುಗಿಸಿ ಹಾಕಿದಳು. "ಬೇರೆಯವ್ರದ್ದೆಲ್ಲ ಓದ್ದೇನೇ ಒತ್ತಿ ಬಿಸಾಕ್ತಿದ್ದೆ, ಹೆಸರು ಬರುತ್ತಲ್ಲ ಭಾನುವಾರ ಅಂತ. ನಿಂದೊಂದನ್ನ ಊಟ ಆದ್ಮೇಲೆ, ಕನ್ನಡ್ಕ ಹಾಕ್ಕೊಂಡು, ಕೂತು ಓದ್ತಿದ್ದೆ. ಅದಕ್ಕೇ ಕೊನೇಗ್ ಬೀಳ್ತಿತ್ತು."

"ಈಗ್ ಗೊತ್ತಾಯ್ತು ಕುಮಾ. ನಿಂದೇನೂ ತಪ್ಪಿಲ್ಲ."

"ಅದನ್ನ ಹೇಳೋಕ್ ಬಂದ್ಯಾ? ನಾನು ಕಳ್ಳಿ ಅಲ್ಲ ಅಂತ?"

ತೊದೋರಾ ಇನ್ನೊಂದು ಸಾಸೇಜನ್ನು ಎಳೆದುಕೊಂಡಳು.

"ಆ ಫೋನು ನನ್ನ ಕಡೆ ಸಾಕ್ಷಿ ಹೇಳ್ತು, ಅದಕ್ಕೆ ನೀನ್ ಬಂದೆ. ಹೇಳದೇ ಇದ್ದಿದ್ರೆ?"

ಆದರೂ ಬರುತ್ತಿದ್ದೆ ಎಂದು ಸಾವ್ಕಾ ಹೇಳಬಹುದಿತ್ತು, ಅದು ಸುಳ್ಳಾಗುತ್ತಿತ್ತು. ತೊದೋರಾಳಿಗೆ ಅದೂ ತಿಳಿಯುತ್ತಿತ್ತು. ಬಾಟಲಿ ಮೇಜಿನ ಮೇಲೆ ಆ ಕಡೆ ಈ ಕಡೆ ಉರುಳುತ್ತಲೇ ಇತ್ತು.

"ಸೋಮವಾರ ಬರ್ತೀನಿ," ಎಂದಳು ತೊದೋರಾ ಕೊನೆಗೆ. "ವಕೀಲ್ರ ಜಮಖಾನ ಅರ್ಧಕ್ಕೆ ಬಿಡೋಕಾಗಲ್ಲ."

ಸಾವ್ಕಾ ಬಳಗ ಬಿಟ್ಟಳು. ವೋಟಿನ ಲೆಕ್ಕವನ್ನು ವೈಬರಿನಲ್ಲಿ ಬರೆದೂ ಬಿಟ್ಟಳು. ಇಬ್ಬರು ಓದಿ ಹೆಬ್ಬೆರಳು ಎತ್ತಿದರು, ಉಳಿದವರು ಇವಳಿಗೇನೋ ಲಾಭ ಇರಬೇಕು ಎಂದುಕೊಂಡರು. ಭಾನುವಾರ ತಪ್ಪಿದವರ ಪಟ್ಟಿಯಲ್ಲಿ ಮತ್ತೆ ಅವೇ ಎರಡು ಹೆಸರು ಬಂದವು. ಈಗ ಅವಳ ಬರಹಗಳಿಗೆ ಎರಡೋ ಮೂರೋ ವೋಟು. ಅವುಗಳಲ್ಲಿ ತೊದೋರಾಳದು ಇರುವುದಿಲ್ಲ. ತೊದೋರಾ ಆಮೇಲೆ ಯಾರಿಗೂ ವೋಟು ಹಾಕಿಲ್ಲ. ಅವಳ ಬಲ ತುಂಬಿ ತುಳುಕುತ್ತಿದೆ. ಯಾರಿಗೂ ಏನೂ ಕೊಡದವರ ಹಂಡೆ ಆ ತಾಣದಲ್ಲಿ ಯಾವಾಗಲೂ ತುಂಬಿಯೇ ಇರುತ್ತದೆ. ಅದನ್ನು ಕಟ್ಟಿದವರು ಇದನ್ನು ನ್ಯಾಯ ಎಂದು ಕರೆಯುತ್ತಾರೆ.

ಸೋಮವಾರ ತೊದೋರಾ ಹೇಳಿದಂತೆಯೇ ಬಂದಳು. ಒಬ್ಬಳೇ ಬರಲಿಲ್ಲ. ಜೊತೆಗೆ ಯೊರ್ದಾನಾ ಇದ್ದಳು, ಬೇಕರಿಯವನ ಅಣ್ಣನ ಹೆಂಡತಿ, ಹಿಂದೆ ಸಂಘದಲ್ಲಿ ನೇಯ್ದವಳು, ಈಗಲೂ ಬಳಗದಲ್ಲಿ ಇರುವವಳು.

"ಅಗಲದ್ ಜಮಖಾನ," ಎಂದಳು ತೊದೋರಾ. "ಮೂವರಾದ್ರೆ ಬೇಗ ಮುಗಿಯುತ್ತೆ."

ಯೊರ್ದಾನಾಳನ್ನು ಹಲಗೆಯ ಮಧ್ಯಕ್ಕೆ ಕೂರಿಸಿ ತಾನು ಆ ತುದಿಗೆ ಸರಿದಳು. ಸಾವ್ಕಾ ಈ ತುದಿಯಲ್ಲಿ ಕೂತಳು. ಯೊರ್ದಾನಾ ಇಲ್ಲಿಯ ಮಾತನ್ನು ಡೈರೆಕ್ಟರನಿಗೆ ಒಯ್ಯುತ್ತಾಳೋ, ತೊದೋರಾ ಅದಕ್ಕೇ ಕರೆತಂದಳೋ ಎಂಬ ಯೋಚನೆ ಬಂತು. ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು, ಯೋಚನೆ ಮಾತ್ರ ಹೋಗಲಿಲ್ಲ. ಆ ತುದಿಯಿಂದ ಹಣಿಗೆಯ ಸದ್ದು ಕೇಳುತ್ತಿತ್ತು. ಹೊಡೆತ ಮೊದಲಿನಷ್ಟೇ ಇದೆಯೋ, ಮೆಲ್ಲಗಾಗಿದೆಯೋ ಎಂದು ನೋಡಲು ಮುಂದಕ್ಕೆ ಬಾಗಿದಳು. ಯೊರ್ದಾನಾಳ ಭುಜ ಅಡ್ಡ ಬಂತು.

"ಏನ್ ಬೇಕಿತ್ತು ಸಾವ್ಕಾ?" ಎಂದಳು ಯೊರ್ದಾನಾ.

"ಏನಿಲ್ಲ. ಕತ್ತರಿ."

ಕತ್ತರಿ ತೊದೋರಾಳ ಕೈಯಿಂದ ಯೊರ್ದಾನಾಳ ಕೈಗೆ ಹೋಯಿತು, ಅಲ್ಲಿಂದ ಸಾವ್ಕಾಳಿಗೆ ಬಂತು.